ಕೆನೆ ಬಣ್ಣವೋ, ತಿಳಿ ಬೂದುವೋ?

ಮಳೆಗಾಲ ಮುಗಿದು ಗೋಡೆಗಳು ಒಣಗುತ್ತಿದ್ದಂತೆ ಮನೆಗೆ ಬಣ್ಣ ಬಳಿಸುವ ಮಾತು ಶುರುವಾಗುತ್ತದೆ. ಅಂಗಡಿಯ ಶೇಡ್ ಕಾರ್ಡ್ ಮುಂದಿಟ್ಟುಕೊಂಡು ನೀವೂ ಹೊಯ್ದಾಡುತ್ತಿರಬಹುದು. ಒಂದೆಡೆ ಹಳೆಯ ಪರಿಚಯದ ಕೆನೆ ಬಣ್ಣ, ಇನ್ನೊಂದೆಡೆ ಹೊಸ ಮನೆಗಳಲ್ಲಿ ಕಾಣುವ ತಿಳಿ ಬೂದು. ಎರಡೂ ಕಣ್ಣಿಗೆ ಹಿತ, ಎರಡೂ ಯಾವ ಪರದೆಗಾದರೂ ಒಪ್ಪುತ್ತವೆ. ಹಾಗಾದರೆ ಆರಿಸುವುದು ಹೇಗೆ?

ನಮ್ಮ ನರಸಿಂಹರಾಜಪುರದಂತಹ ಮಲೆನಾಡಿನ ಊರುಗಳಲ್ಲಿ ಇದನ್ನು ತೀರ್ಮಾನಿಸಬೇಕಾದದ್ದು ಮಳೆಗಾಲದ ಬೆಳಕು. ನಾವೊಮ್ಮೆ ಏಪ್ರಿಲ್ ಬಿಸಿಲಿನಲ್ಲಿ ನೋಡಿ ಹಾಲ್‌ಗೆ ಬೂದು ಬಳಿಸಿದೆವು. ಜುಲೈ ಬಂದಾಗ ಉಮ್ಮ, "ಹಗಲಲ್ಲೇ ದೀಪ ಹಾಕಬೇಕಲ್ಲಾ!" ಎಂದರು. ಮೋಡ ಕವಿದ ದಿನದ ಬೆಳಕಿನಲ್ಲಿ ನೀಲಿ ಛಾಯೆ ಹೆಚ್ಚು. ಕಿಟಕಿಯಾಚೆ ಅಡಿಕೆ ತೋಟವಿದ್ದರೆ ಹಸಿರೂ ಸೇರುತ್ತದೆ. ಬೂದು ಗೋಡೆ ಆ ಛಾಯೆಯನ್ನು ಹೊದ್ದು ಮಂಕಾಗುತ್ತದೆ. ಕೆನೆಯಲ್ಲಿ ಹಳದಿಯ ಅಂಶವಿರುವುದರಿಂದ ಅದೇ ಕೋಣೆ ಬೆಚ್ಚಗೆ ಕಾಣುತ್ತದೆ. ಬಣ್ಣ ತಿಳಿಯಾದಷ್ಟೂ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ.

ಹಾಗೆಂದು ಬೂದು ಬೇಡವೆಂದಲ್ಲ. ದೊಡ್ಡ ಕಿಟಕಿಗಳಿದ್ದು ಮಧ್ಯಾಹ್ನದ ಬಿಸಿಲು ಬೀಳುವ ಕೋಣೆಗೆ ಅದು ತಂಪು ನೀಡುತ್ತದೆ. ಮಕ್ಕಳ ಕೈಗುರುತೂ ಅದರಲ್ಲಿ ಬೇಗ ಎದ್ದು ಕಾಣುವುದಿಲ್ಲ. ಆದರೆ ಹೆಂಚಿನ ಮನೆಯ ಒಳಕೋಣೆ, ಅಡುಗೆಮನೆ, ವಯಸ್ಸಾದವರು ದಿನವಿಡೀ ಕೂರುವ ಜಾಗಕ್ಕೆ ಕೆನೆಯೇ ಸೂಕ್ತ. ರಾತ್ರಿಯ ದೀಪವನ್ನೂ ಗಮನಿಸಿ. ಹಳದಿ ಬೆಳಕಿನ ಬಲ್ಬಿನಡಿ ಕೆನೆ ಇನ್ನಷ್ಟು ಹಳದಿಯಾಗುತ್ತದೆ. ಬಿಳಿ ಬೆಳಕಿನಡಿ ಬೂದು ಇನ್ನಷ್ಟು ತಣ್ಣಗಾಗುತ್ತದೆ.

ತೇವದ ಗೋಡೆಗೆ ಯಾವ ಬಣ್ಣವೂ ಮದ್ದಲ್ಲ. ಮೊದಲು ಸೋರುವ ಹೆಂಚು, ಬಿರುಕು ಸರಿಪಡಿಸಿ, ಬೂಷ್ಟನ್ನು ಉಜ್ಜಿ ತೆಗೆದು ಪೂರ್ತಿ ಒಣಗಲು ಬಿಡಿ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಕಾಯಿರಿ. ಕೆನೆ ಗೋಡೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆ ಬೇಗ ಕಾಣುತ್ತದೆ ಎಂಬುದು ದೂರಲ್ಲ, ಉಪಕಾರ. ಹರಡುವ ಮೊದಲೇ ಒರೆಸಬಹುದು.

ಡಬ್ಬಿಯ ಮೇಲಿನ ಬರಹವನ್ನೂ ಓದಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರಲ್ಲಿ ಜಾರಿಗೆ ಬಂದಿದೆ. ಸೀಸ ಮಕ್ಕಳ ಮಿದುಳಿಗೆ ಹಾನಿಕರ. ಹಳೆಯ ಬಣ್ಣ ಉಜ್ಜುವಾಗ ಮಕ್ಕಳನ್ನು ದೂರವಿಡಿ.

ಕೊನೆಗೊಂದು ಸಲಹೆ. ಎರಡೂ ಬಣ್ಣಗಳ ಚಿಕ್ಕ ಡಬ್ಬಿ ತಂದು ಎರಡು ಹಲಗೆಗಳಿಗೆ ಬಳಿಯಿರಿ. ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ, ಸಾಧ್ಯವಾದರೆ ಮೋಡದ ದಿನವೂ ಗೋಡೆಗೆ ಒರಗಿಸಿ ನೋಡಿ. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಇರುವವರನ್ನು ಕೇಳಿಯೇ ಪೈಂಟರನ್ನು ಕರೆಯಿರಿ.