ಕಪಿಲೆಯ ದಂಡೆಯಲ್ಲಿ ಎರಡು ಬಾಟಲಿ

ಶ್ರೀಕಂಠೇಶ್ವರನ ಗುಡಿಯಲ್ಲಿ ಸಂಜೆಯ ಗಂಟೆ ನಿಲ್ಲುವ ಹೊತ್ತಿಗೆ, ನಂಜನಗೂಡಿನ ನಮ್ಮಕ್ಕನ ಮನೆಯಲ್ಲಿ ಚೀಸು ಕಂದುತ್ತಿತ್ತು. ಪುಟ್ಟ ಓವನ್ನಿನ ಗಾಜಿನಾಚೆ ಪಾಸ್ತಾ ತಟ್ಟೆಯ ಅಂಚಿನಲ್ಲಿ ಟೊಮೆಟೊ ಗೊಜ್ಜು ಪುಟಪುಟ ಕುದಿಯುತ್ತಿತ್ತು. ಅದರ ಮೇಲೆ ಹಾಲು, ಬೆಣ್ಣೆ, ಮೈದಾದ ಬಿಳಿ ಸಾಸು. ಎಲ್ಲಕ್ಕೂ ಮೇಲೆ ಗುಳ್ಳೆಯೆದ್ದ ಚೀಸು. ತಿರುಮಕೂಡಲು ನರಸೀಪುರದ ಅತ್ತೆ ತಮ್ಮ ಹಿತ್ತಲಿನ ಕಾಮಕಸ್ತೂರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಇಟಲಿಯವರ ಬೇಸಿಲ್ ಇದರದೇ ಕುಲ.

ಬೆಂಗಳೂರಿನಿಂದ ಬಂದ ತಮ್ಮ, ಪೇಪರಿನಲ್ಲಿ ಸುತ್ತಿದ್ದ ಎರಡು ಬಾಟಲಿಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಒಂದು, ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್. ಇನ್ನೊಂದು ಸ್ಯಾಂಜಿಯೊವೇಸೆ, ಟಸ್ಕನಿಯ ಈ ಬಳ್ಳಿ ಈಗ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಹಬ್ಬಿದೆ.

"ಸಿಹೀದೇ ಇರ್ಲಿ ಕಣೋ" ಎಂದಳು ಅಕ್ಕ.

ಕುಡಿಯದ ಅತ್ತೆಯೇ ತೀರ್ಪು ಕೊಟ್ಟರು: "ಉಪ್ಸಾರು ಮುದ್ದೆಗೆ ಯಾರಾದ್ರೂ ಪಾಯಸ ನೆಂಚ್ಕೋತಾರೇನಮ್ಮ?"

ವೈನ್ ಬಲ್ಲವರ ಲೆಕ್ಕವೂ ಅದೇ. ಟೊಮೆಟೊದ ಹುಳಿಯ ಎದುರು ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ. ಸಿಹಿ ವೈನ್ ಊಟವನ್ನೇ ಮರೆಸುತ್ತದೆ. ಸ್ಯಾಂಜಿಯೊವೇಸೆಗೆ ಹುಟ್ಟಿನಿಂದಲೇ ಹುಳಿ ಹೆಚ್ಚು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರು ಚೀಸಿನ ಜಿಡ್ಡನ್ನು ನಾಲಿಗೆಯಿಂದ ತೊಳೆಯುತ್ತದೆ, ಆ ಜಿಡ್ಡು ಒಗರನ್ನು ಮೆತ್ತಗಾಗಿಸುತ್ತದೆ. ಗೊಜ್ಜಿಲ್ಲದೆ ಬರೀ ಬಿಳಿ ಸಾಸಿನ ಪಾಸ್ತಾ ಆದರೆ ಬಿಳಿ ವೈನೇ ಹಿತ.

ತಮ್ಮ ಸ್ಯಾಂಜಿಯೊವೇಸೆಯ ಬಿರಡೆ ಕಿತ್ತು ಒಂದು ಗುಟುಕು ಕುಡಿದು ಮುಖ ಹಿಂಡಿದ. ವೈನಿನದೇನೂ ತಪ್ಪಿಲ್ಲ, ತಪ್ಪೆಲ್ಲ ಏಪ್ರಿಲ್ಲಿನದು. ಕೆಂಪು ವೈನನ್ನು ಕೋಣೆಯ ತಂಪಿನಲ್ಲೇ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ಚಳಿಮನೆಗಳಲ್ಲಿ. 16–18 ಡಿಗ್ರಿ ಅಲ್ಲಿಯ ಕೋಣೆ. ನಂಜನಗೂಡಿನ ಬೇಸಿಗೆಯ ಕೋಣೆ 30 ದಾಟಿರುತ್ತದೆ. ಆ ಬಿಸಿಗೆ ಮದ್ಯದ ಘಾಟೊಂದೇ ಮೇಲೇಳುತ್ತದೆ. ಬಾಟಲಿ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ, ಅರ್ಧ ಗಂಟೆ ಕೂತಿತು.

ಅಷ್ಟರಲ್ಲಿ ಪಾಸ್ತಾ ಆರಿ ಹದವಾಗಿ ಬಿಗಿದುಕೊಂಡಿತ್ತು. ಚಾಕು ಇಳಿಸಿದರೆ ಪದರ ಪದರವಾಗಿ ನಿಂತಿತು. ಅಕ್ಕ ಕಾಮಕಸ್ತೂರಿ ಎಲೆ ಹರಿದು ಉದುರಿಸಿದಳು. ಬಿಸಿ ತಾಗಿದ್ದೇ ತಡ, ಲವಂಗದಂಥ ಘಮ. ಈ ಸಲ ಗುಟುಕಿನಲ್ಲಿ ಹುಳಿ ಚೆರ್ರಿಯ ರುಚಿ, ಹಿಂದೆಯೇ ತೆಳು ಒಗರು. ತಮ್ಮ ಮಾತಾಡದೆ ಎರಡನೇ ತುಂಡಿಗೆ ಕೈಚಾಚಿದ.

ಅತ್ತೆ ಪಾಸ್ತಾದ ಜೊತೆಗೆ ನೀರುಮಜ್ಜಿಗೆ ಕುಡಿದರು. ಹುಳಿಗೆ ಹುಳಿ, ಅವರ ಲೋಟವೂ ತಪ್ಪಿರಲಿಲ್ಲ.