ಅಮಲಿನ ಗುಳಿಗೆ: ಜೀವ ಉಳಿಸಲು ಅಂಜಿಕೆಯೇಕೆ?

ಮಾದಕ ವಸ್ತು ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಶಹರಗಳ ಹೆರಾಯಿನ್. ಆದರೆ ನೋವಿಗೆಂದು ವೈದ್ಯರು ಬರೆದುಕೊಡುವ ಟ್ರಮಡಾಲ್, ಟಪೆಂಟಡಾಲ್ ಗುಳಿಗೆಗಳೂ ಅಫೀಮಿನಂತೆಯೇ ಕೆಲಸ ಮಾಡುತ್ತವೆ. ಅಮಲಿಗಾಗಿ ನುಂಗತೊಡಗಿದರೆ ಚಟವಾಗಿ ಅಂಟಿಕೊಳ್ಳುತ್ತವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಅಫೀಮು ವರ್ಗದ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ.

ಸಾವು ಹೇಗೆ ಬರುತ್ತದೆ?

ಪ್ರಮಾಣ ಮೀರಿದಾಗ ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರ ಮಂಕಾಗುತ್ತದೆ. ಜೊತೆಗೆ ಸೆರೆ ಅಥವಾ ನಿದ್ರೆ ಗುಳಿಗೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಲುಗಿಸಿದರೂ ಎಚ್ಚರವಾಗದಿರುವುದು, ಗೊರಕೆಯಂಥ ನಿಧಾನ ಉಸಿರು, ನೀಲಿಗಟ್ಟಿದ ತುಟಿ, ಸೂಜಿಮೊನೆಯಂತೆ ಕಿರಿದಾದ ಕಣ್ಣಪಾಪೆ ಇದರ ಲಕ್ಷಣಗಳು. 'ಅಮಲು ಇಳಿದ ಮೇಲೆ ಏಳುತ್ತಾನೆ' ಎಂದು ಬಿಡಬೇಡಿ. ಬಾಯಿಗೆ ಮಜ್ಜಿಗೆ, ಲಿಂಬೆರಸ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯಬಹುದು. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ನುಂಗಿದ್ದಾನೆಂದು ವೈದ್ಯರಿಗೆ ನಿಜ ಹೇಳಿ. ನಲಾಕ್ಸೋನ್ ಎಂಬ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಅದರ ಪ್ರಭಾವ ಬೇಗ ಇಳಿಯುವುದರಿಂದ ರೋಗಿ ಎದ್ದು ಕುಳಿತರೂ ಆಸ್ಪತ್ರೆಯಲ್ಲಿಯೇ ಇರಬೇಕು.

ಕಾನೂನು ಏನು ಹೇಳುತ್ತದೆ?

ಎಷ್ಟೋ ಮನೆಯವರು ಪೊಲೀಸರಿಗೆ ಅಂಜಿ ತಡಮಾಡುತ್ತಾರೆ. ಮಾದಕ ವಸ್ತುಗಳ ಕಾನೂನು 1985ರದು. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ, ಅದರ 64ಎ ಕಲಮಿನಡಿ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೇ.

ಆಗಬೇಕಾದದ್ದು

ಹತ್ತು ದಿನ ಆಸ್ಪತ್ರೆಯಲ್ಲಿಟ್ಟು ಚಟ ಬಿಡಿಸಿದರೆ ಕೆಲಸ ಮುಗಿಯಲಿಲ್ಲ. ಆಗ ದೇಹದ ತಾಳಿಕೆ ಕುಂದಿರುತ್ತದೆ. ಮನೆಗೆ ಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡವನು ಸಾಯಬಹುದು. ಬ್ಯುಪ್ರೆನಾರ್ಫಿನ್ ಎಂಬ ಔಷಧಿಯನ್ನು ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ ಮುಂದುವರಿಸಿದರೆ ಈ ಅಪಾಯ ಬಹಳ ತಗ್ಗುತ್ತದೆ. ಆದರೆ ಮುಗದದ ಕೂಲಿಯವನು ಇದಕ್ಕಾಗಿ ಮೇಲಿಂದ ಮೇಲೆ ಧಾರವಾಡಕ್ಕೆ ಹೋದರೆ ಅಂದಿನ ಪಗಾರ ಹೋಯಿತು. ತಾಲೂಕು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಲಾಕ್ಸೋನ್ ಸದಾ ಸಿಗುವಂತಾಗಬೇಕು. ವ್ಯಸನಿಯ ಮನೆಯವರಿಗೂ ನಲಾಕ್ಸೋನ್ ಕೊಟ್ಟು ಬಳಕೆ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಸಲಹೆ ಮಾಡಿದೆ.

ಅಲ್ಲಿಯವರೆಗೆ ಕಾಯಬೇಡಿ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆ ಚಿಕಿತ್ಸೆ ಇದೆ. ಉಚಿತ ಸಹಾಯವಾಣಿ 14446. ಚಟವೂ ಒಂದು ಕಾಯಿಲೆ. ಸಕ್ಕರೆ ಕಾಯಿಲೆಯನ್ನು ವೈದ್ಯರಿಗೆ ಹೇಳುವಂತೆ ಇದನ್ನೂ ನಾಚದೆ ಹೇಳಿ.