ಬುದ್ಧಿ ಹೇಳದ ಕೋಣೆ

‘ನಮ್ ಹುಡುಗನಿಗೆ ಒಸಿ ಬುದ್ಧಿ ಹೇಳಿ ಮೇಡಂ.’ ಮಂಡ್ಯ ಸೀಮೆಯಲ್ಲಿ ಮಕ್ಕಳನ್ನು ಆಪ್ತ ಸಮಾಲೋಚಕರ ಹತ್ತಿರ ಕರೆತಂದ ಹೆತ್ತವರ ಬಾಯಲ್ಲಿ ಮೊದಲು ಬರುವ ಮಾತು ಇದು. ಪಿಯುಸಿ ಫೇಲಾದವನಿರಲಿ, ಗಂಡನ ಮನೆಯಿಂದ ಬಂದು ಮೂಲೆ ಹಿಡಿದವಳಿರಲಿ, ಕಬ್ಬಿನ ಬಾಕಿ ಬಾರದೆ ನಿದ್ದೆಗೆಟ್ಟ ಯಜಮಾನನಿರಲಿ, ಬುದ್ಧಿ ಹೇಳಿದರೆ ಸರಿಹೋಗುತ್ತಾರೆ ಎಂದು ನಾವು ಗಟ್ಟಿಯಾಗಿ ನಂಬಿದ್ದೇವೆ. ತಪ್ಪು ಜನರದ್ದೊಂದೇ ಅಲ್ಲ. ಎಷ್ಟೋ ಕಡೆ ಬಾಗಿಲ ಮೇಲೆ ‘ಆಪ್ತ ಸಲಹಾ ಕೇಂದ್ರ’ ಎಂದೇ ಬೋರ್ಡು ತೂಗುತ್ತಿರುತ್ತದೆ. ಬೋರ್ಡೇ ಹಾಗೆಂದ ಮೇಲೆ ಬಂದವರು ಸಲಹೆಯನ್ನಲ್ಲದೆ ಇನ್ನೇನು ಕೇಳಿಯಾರು?

ಒಳಗೆ ಹೋದರೆ ಅಲ್ಲಿ ಸಲಹೆಯೇ ಕಡಿಮೆ. ಬುದ್ಧಿಮಾತಿನಿಂದ ಆಗುವಂತಿದ್ದರೆ ಆ ಹುಡುಗ ಯಾವತ್ತೋ ಸರಿಹೋಗಿರಬೇಕಿತ್ತು. ಸೋದರಮಾವ, ಮೇಷ್ಟ್ರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಹೇಳಿ ಮುಗಿಸಿರುತ್ತಾರೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1942ರಲ್ಲಿ ಪುಸ್ತಕ ಬರೆದು ಈ ಬುದ್ಧಿ ಹೇಳುವ ಚಾಳಿಯನ್ನೇ ಪ್ರಶ್ನಿಸಿದರು. 1957ರ ಲೇಖನವೊಂದರಲ್ಲಿ ಅವರು ಸಮಾಲೋಚಕರಿಂದ ಮುಖ್ಯವಾಗಿ ಕೇಳಿದ್ದು ಮೂರು: ಬಂದವರನ್ನು ಇದ್ದ ಹಾಗೇ ಒಪ್ಪಬೇಕು, ಅವರ ಜಾಗದಲ್ಲಿ ನಿಂತು ನೋಡಬೇಕು, ತೋರಿಕೆಯ ಮುಖ ಹಾಕಿಕೊಳ್ಳಬಾರದು. ಕೇಳಲು ಸುಲಭ. ಮಗ ಪರೀಕ್ಷೆಯಲ್ಲಿ ಕೈಕೊಟ್ಟ ದಿನ ಮನೆಯಲ್ಲಿ ಐದೇ ನಿಮಿಷ ಮಾಡಿ ನೋಡಿ, ಕಷ್ಟ ಗೊತ್ತಾಗುತ್ತದೆ.

‘ಮಾತು ಕೇಳಿಸ್ಕೊಳಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಅರಳಿಕಟ್ಟೆ ಇಲ್ವಾ?’ ಎಂಬುದು ಇನ್ನೊಂದು ವಾದ. ಅರಳಿಕಟ್ಟೆ ಬೇಕು, ನಾನೂ ಕೂತಿದ್ದೇನೆ. ಆದರೆ ಅಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಪಕ್ಕದೂರಿನ ಡೈರಿ ಮುಂದಿರುತ್ತದೆ. ಚಿಕಿತ್ಸೆಗೆ ಬಂದವರ ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಇದೆ ಎಂಬಂಥ ಕೆಲವೇ ಸಂದರ್ಭಗಳಲ್ಲಿ ಆ ಕಟ್ಟು ಸಡಿಲ.

ಕೇಳುವುದೆಂದರೆ ಸುಮ್ಮನೆ ಗಲ್ಲಕ್ಕೆ ಕೈ ಕೊಟ್ಟು ಕೂರುವುದೂ ಅಲ್ಲ. ಒಂದು ಚಿತ್ರ ಕಲ್ಪಿಸಿಕೊಳ್ಳಿ. ಮದ್ದೂರಿನ ಕಡೆಯ ಹನ್ನೆರಡರ ಹುಡುಗಿ, ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾಳೆ. ಸಮಾಲೋಚಕಿ ‘ಯಾಕಮ್ಮ?’ ಎನ್ನುವುದಿಲ್ಲ. ಮೇಜಿನ ಮೇಲೆ ಬಿಳಿ ಹಾಳೆ, ಒಂದು ಹಿಡಿ ಹುಣಸೆಬೀಜ, ಒಂದಿಷ್ಟು ಅವರೆಕಾಳು. ‘ನಿಮ್ಮನೆಯವರನ್ನೆಲ್ಲ ಇಲ್ಲಿ ಕೂರಿಸು ನೋಡೋಣ.’ ಹುಡುಗಿ ದಪ್ಪ ಅವರೆಕಾಳೊಂದನ್ನು ಆರಿಸಿ ನಡುವೆ ಇಡುತ್ತಾಳೆ. ಅಜ್ಜಿ. ಪಕ್ಕಕ್ಕೆ ಅಮ್ಮ, ತಮ್ಮ. ಒಂದು ಹುಣಸೆಬೀಜ ಹಾಳೆಯ ಅಂಚು ದಾಟಿ ಮೇಜಿನ ಮೇಲೆ ಬೀಳುತ್ತದೆ. ‘ಇದು ಬಾಳ ದೂರ ಕೂತದಲ್ಲ’ ಎಂದಷ್ಟೇ ಸಮಾಲೋಚಕಿ ಹೇಳಿ ಸುಮ್ಮನಾಗುತ್ತಾರೆ. ಫ್ಯಾನು ತಿರುಗುತ್ತಿರುತ್ತದೆ. ಆಮೇಲೆ ಹುಡುಗಿ: ‘ಅಪ್ಪ. ಬೆಂಗ್ಳೂರಲ್ಲವ್ರೆ. ಬಂದ್ರೆ ಜಗಳ.’ ಅವಳದೇ ಬೀಜ ಇನ್ನೂ ಮುಷ್ಟಿಯಲ್ಲಿದೆ, ಎಲ್ಲಿಡಬೇಕೋ ತಿಳಿದಿಲ್ಲ. ಆವತ್ತಿಗೆ ಅದನ್ನು ಇಡಿಸುವ ಆತುರವೂ ಸಮಾಲೋಚಕಿಗಿಲ್ಲ.

ಇದನ್ನು ಕಂಡವರಿಗೆ ಹೊಸದೊಂದು ಭ್ರಮೆ ಹುಟ್ಟುವುದುಂಟು, ಬೀಜ ಜೋಡಿಸಿದರೆ, ಚಿತ್ರ ಬಿಡಿಸಿದರೆ ಸಾಕು, ಇವರು ಮನಸ್ಸನ್ನೇ ಓದಿಬಿಡುತ್ತಾರೆ ಎಂದು. ಕವಡೆ ಹಾಕಿದಂತಲ್ಲ ಇದು. ಬೀಜ ಏನನ್ನೂ ಹೇಳುವುದಿಲ್ಲ, ಹೇಳುವವಳು ಹುಡುಗಿ. ಬಾಯಿಗೆ ಬಾರದ್ದು ಕೈಗೆ ಬರಲಿ ಎಂದು ಬಣ್ಣ, ಜೇಡಿಮಣ್ಣು, ಗೊಂಬೆ, ಅಂಚೆಗೆ ಹಾಕದ ಕಾಗದ ಎಲ್ಲ ಬಳಸುತ್ತಾರೆ. ಕಪ್ಪು ಬಣ್ಣ ಬಳಿದ ಕೂಡಲೇ ‘ಮಗುವಿಗೆ ಖಿನ್ನತೆ’ ಎಂದು ಷರಾ ಬರೆಯುವವರಿಂದ ದೂರವಿರುವುದು ಒಳ್ಳೆಯದು. ಕಪ್ಪು ಕ್ರೇಯಾನ್ ಒಂದೇ ಉಳಿದಿರಬಹುದಲ್ಲ!

ಮಳವಳ್ಳಿ ಕಡೆ ಮನಸ್ಸಿನ ಕಾಯಿಲೆಯನ್ನು ದೆವ್ವದ ಕಾಟವೆನ್ನುವ ‘ಗಾಳಿ ಸೋಕು’ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ಸಮಾಲೋಚಕರ ಹತ್ತಿರ ಹೋದರೆ ದೇವರನ್ನು ಬಿಡಿಸುತ್ತಾರೆ ಎಂಬ ಅಂಜಿಕೆಯೂ ಇದೆ. ಹಾಗೇನಿಲ್ಲ. ಬೊಪ್ಪೇಗೌಡನಪುರದ ಮಠಕ್ಕೆ ಹೋಗಿ ಬರುವುದರಿಂದ, ಆ ಪರಂಪರೆಯ ಗಾಯಕರಾದ ನೀಲಗಾರರ ಹಾಡು ಕೇಳುವುದರಿಂದ ಒಬ್ಬರಿಗೆ ಸಮಾಧಾನವಾದರೆ ಸಮಾಲೋಚಕರಿಗೆ ತಕರಾರಿಲ್ಲ. ತಕರಾರು ಇರುವುದು ದೆವ್ವ ಬಿಡಿಸುವ ಹೆಸರಿನ ಹೊಡೆತಕ್ಕೆ, ಸರಪಳಿಗೆ. ಹೊಡೆತವನ್ನು ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯೂ ಸರಪಳಿಯನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ನಿಷೇಧಿಸಿವೆ. ಹೆಸರಿನಲ್ಲೇ ಚನ್ನಪಟ್ಟಣವನ್ನು ಇಟ್ಟುಕೊಂಡ, ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲಿ ಈ ವಿಷಯಗಳನ್ನು ಬರೆಯುತ್ತ ಬಂದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎಲ್ಲಕ್ಕಿಂತ ಅಪಾಯದ ನಂಬಿಕೆ ಬೇರೆಯದು. ‘ಸಾಯ್ಬೇಕು ಅನ್ನಿಸ್ತಾ?’ ಎಂದು ಕೇಳಿಬಿಟ್ಟರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತೆ ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ, ನೇರವಾಗಿ ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ಸಾಲುಸಾಲು ಸಾವು ಕಂಡ ನಮಗೆ ಇದು ಗೊತ್ತಿರಲೇಬೇಕು. ಗದ್ದೆಗೆ ಹೊಡೆಯುವ ವಿಷವನ್ನು ನಾವು ‘ಔಷಧಿ’ ಎನ್ನುತ್ತೇವೆ. ನುರಿತ ಸಮಾಲೋಚಕರು ಆ ಔಷಧಿ ಮನೆಯಲ್ಲಿ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದೂ ವಿಚಾರಿಸುತ್ತಾರೆ. ಅದು ಅಧಿಕಪ್ರಸಂಗವಲ್ಲ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದಂತೆ, 1995ರಲ್ಲಿ ಉತ್ತುಂಗದಲ್ಲಿದ್ದ ಅಲ್ಲಿನ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನು ಪೊಲೀಸ್ ಕೇಸಿನ ಹೆದರಿಕೆ: ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ.

‘ಕರೆಂಟ್ ಕೊಡ್ತಾರಂತೆ’ ಎಂಬ ಭಯಕ್ಕೆ ಒಂದೇ ಮಾತು. ಕರೆಂಟ್ ಇರಲಿ, ಸಮಾಲೋಚಕರು ಮಾತ್ರೆಯನ್ನೂ ಬರೆಯುವುದಿಲ್ಲ. ಮಾತ್ರೆ ಬೇಕಾದವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತಾರೆ, ಮಾತು ಮಾತ್ರೆ ಎರಡೂ ಜೊತೆಯಲ್ಲೇ ನಡೆಯುತ್ತವೆ.

ಇದೆಲ್ಲ ಪೇಟೆಯವರ ಶೋಕಿ ಅನ್ನುವವರು ಗೋವಾದತ್ತ ನೋಡಲಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ ತೀವ್ರ ಖಿನ್ನತೆಯವರ ಜೊತೆ ಆರರಿಂದ ಎಂಟು ಸಲ ಕೂತರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳಲ್ಲಿ ಅವರಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು; ಈ ನೆರವಿಲ್ಲದ ಗುಂಪಿನಲ್ಲಿ ಶೇ 39. ಆರೆಂಟು ಸಲ ಎಂಬುದನ್ನು ಗಮನಿಸಿ. ಒಂದೇ ಭೇಟಿಗೆ ಪವಾಡ ಬಯಸಿ, ಮಾರನೇ ವಾರ ಬಾರದವರೂ ಉಂಟು. ಮಳವಳ್ಳಿಯಿಂದ ಮಂಡ್ಯಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಅದೂ ನಿಜವೇ. ಹೊರಡಲಾಗದವರಿಗೆ ಟೆಲಿ ಮಾನಸ್ ಇದೆ, ನಂಬರು 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು.